ಗುಲಗಂಜಿ ಸಾಹೇಬರ ಗುಂಡುಬಾಯಿ ಕಾರು

ನಿಮ್ಮ ಮೇಜಿನ ಡ್ರಾಯರನ್ನು ಕೊನೆಯ ಬಾರಿ ಎಳೆದು ನೋಡಿದ್ದು ಯಾವಾಗ, ಓದುಗ ಮಹಾಶಯರೆ? ಅದರೊಳಗೆ ಹಾವಿನ ಮರಿಗಳಂತೆ ಹೆಣೆದುಕೊಂಡು ಬಿದ್ದಿರುವ ಹತ್ತು ಹನ್ನೆರಡು ಚಾರ್ಜರುಗಳಲ್ಲಿ ಒಂದಾದರೂ ನಿಮ್ಮ ಈಗಿನ ಫೋನಿಗೆ ಹೊಂದುತ್ತದೆಯೆ? ಹೊಂದದು. ಆದರೂ ನೀವು ಸಿಟ್ಟಾಗಲಿಲ್ಲ. ಡ್ರಾಯರನ್ನು ಮೊಣಕಾಲಿನಿಂದ ಒಳಕ್ಕೆ ತಳ್ಳಿ, ಹೊಸದೊಂದನ್ನು ಕೊಂಡು ತಂದಿರಿ. ನಿಮ್ಮ ಈ ಸಹನೆಯೇ ಬೆಳೆದು ಬೆಳೆದು, ಒಂದು ಬುಧವಾರ, ಒಬ್ಬ ಪ್ರಾಮಾಣಿಕ ಅಧಿಕಾರಿಯ ಮೀಸೆಗೆ ಸಂಚಕಾರ ತಂದಿತೆಂದರೆ ನೀವು ನಂಬಲಿಕ್ಕಿಲ್ಲ. ಆದ್ದರಿಂದ ವಿವರವಾಗಿಯೇ ಹೇಳಬೇಕಾಗಿದೆ.

ಈ ಅಧಿಕಾರಿ ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು. ಅಂಗಡಿಯ ತಕ್ಕಡಿಯಿಂದ ಹಿಡಿದು ಯೂನಿಟ್ಟು ಎಣಿಸುವ ಮೀಟರಿನವರೆಗೆ, ಜನರಿಗೆ ಸರಕನ್ನು ಅಳೆದು ಕೊಡುವ ಯಾವ ಸಾಧನವೂ ಅವರ ಕಣ್ಣು ತಪ್ಪಿಸುವಂತಿರಲಿಲ್ಲ. ಗುಲಗಂಜಿ ತೂಕದ ವ್ಯತ್ಯಾಸ ಕಂಡರೂ ಸೀಲು ಜಡಿಯುತ್ತಿದ್ದುದರಿಂದ ಊರು ಅವರನ್ನು ಗುಲಗಂಜಿ ಸಾಹೇಬರೆಂದೇ ಕರೆಯುತ್ತಿತ್ತು. ಅವರು ಅದನ್ನು ಬಿರುದೆಂದು ತಿಳಿದಿದ್ದರು. ತಮ್ಮ ಹೆಸರು, ಹುದ್ದೆಯ ರಬ್ಬರ್ ಮೊಹರನ್ನು ಭಾನುವಾರವೂ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು.

ಎಲೆಕ್ಟ್ರಿಕ್ ಕಾರು ಕೊಳ್ಳಲು ಟೇಪು ಹಿಡಿದೇ ಹೋಗಿದ್ದರು. ಡಿಕ್ಕಿಯ ಉದ್ದ ಅಳೆದರು. ಸೀಟಿನ ಎತ್ತರ ಅಳೆದರು. ಕನ್ನಡಿಯಿಂದ ಕನ್ನಡಿಗೆ ಅಗಲ ಅಳೆದು, ಪುಸ್ತಕದಲ್ಲಿರುವುದಕ್ಕಿಂತ ಮೂರು ಮಿಲಿಮೀಟರ್ ಹೆಚ್ಚಿದೆಯೆಂದು ಮಾರಾಟಗಾರನ ಬೆವರಿಳಿಸಿದರು. ಶೋರೂಮಿನ ಹಿಂದುಗಡೆ ಧೂಳು ಹೊದ್ದು ನಿಂತಿದ್ದ ಆ ಕೊನೆಯ ಗಾಡಿಯನ್ನು ಈವರೆಗೆ ಯಾರೂ ಏಕೆ ಒಯ್ಯಲಿಲ್ಲವೆಂಬುದನ್ನು ಮಾತ್ರ ಕೇಳಲಿಲ್ಲ.

"ರೀ, ಕರೆಂಟು ತುಂಬಿಸೋ ತೂತು ಎಲ್ಲಾ ಕಡೆ ಒಂದೇ ಥರ ಇರುತ್ತಾ ಅಂತ ಕೇಳ್ರೀ" ಎಂದು ಹೆಂಡತಿ ಮೊಣಕೈಯಿಂದ ತಿವಿದಿದ್ದರು.

"ಮಾನದಂಡ ಅನ್ನೋದು ಒಂದು ಇರುತ್ತೆ ಕಣೆ. ಅದನ್ನ ನನಗೇ ಹೇಳ್ಕೊಡ್ತೀಯಾ?"

ಹೊಸ ಕಾರನ್ನು ನೋಡಲು ಭಾಮೈದ ತನ್ನ ಹಳೆಯ ಡೀಸೆಲ್ ವ್ಯಾನಿನಲ್ಲಿ, ಬೀದಿಗೆಲ್ಲ ಹೊಗೆ ಹಂಚುತ್ತ ಬಂದ. ಕಾರಿಗೆ ಎರಡು ಸುತ್ತು ಬಂದು, "ಆಟದ ಸಾಮಾನು ಚೆನ್ನಾಗಿದೆ ಭಾವ. ಕೀ ಕೊಡೋದು ಎಲ್ಲಿ?" ಎಂದ.

ಸಾಹೇಬರ ಮೂವತ್ತು ವರ್ಷದ ಮೀಸೆ, ಎರಡೂ ತುದಿ ಸಮವಾಗಿರುವಂತೆ ದಿನವೂ ಸ್ಕೇಲಿಟ್ಟು ಕತ್ತರಿಸುತ್ತಿದ್ದ ಮೀಸೆ, ನೆಟ್ಟಗೆ ನಿಂತಿತು. ಅತ್ತೆಯವರಿಗೆ ಎಪ್ಪತ್ತು ಕಿಲೋಮೀಟರ್ ಆಚೆಯ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಸುವುದೆಂದು ಆಗಲೇ ನಿಶ್ಚಯವಾಗಿತ್ತು.

"ಬುಧವಾರ ಸಂಜೆ ನಾಲ್ಕಕ್ಕೆ ಅತ್ತೆಯನ್ನ ಮನೆಗೆ ಬಿಡ್ತಾರೆ. ಹೂವಿನ ಹಾಗೆ ಕರ್ಕೊಂಡು ಬರೋದು ಈ ಗಾಡೀಲಿ, ನಾನು! ನಿನ್ನ ಹೊಗೆ ಹಿಂದೆ ನಾನು ಬಂದ ದಿನ ಈ ಮೀಸೆ ಬೋಳಿಸಿಬಿಡ್ತೀನಿ!"

ಬುಧವಾರ ಬಂದಿತು. ಹಿಂದಿನ ಸಂಜೆ ನೆಲಮಾಳಿಗೆಯ ಪ್ಲಗ್ಗಿಗೆ ಕಾರನ್ನು ಕಟ್ಟಿ, ಹಸುವಿಗೆ ಹುಲ್ಲು ಹಾಕಿದ ತೃಪ್ತಿಯಿಂದ ಸಾಹೇಬರು ಮಲಗಿದ್ದರು. ಅಲ್ಲಿಯ ದೀಪಗಳಿಗೂ ಆ ಪ್ಲಗ್ಗಿಗೂ ಇದ್ದುದು ಒಂದೇ ಸ್ವಿಚ್ಚು. ಮಿತವ್ಯಯದ ಹೆಸರಿನಲ್ಲಿ ಕಾವಲುಗಾರ ಅದನ್ನು ಆರಿಸಿ ಹೋಗಿದ್ದ. ಬೆಳಗ್ಗೆ ನೋಡಿದರೆ ಬ್ಯಾಟರಿಯಲ್ಲಿ ಉಳಿದಿದ್ದುದು ನೂರಕ್ಕೆ ಹದಿನಾಲ್ಕು. ಮನೆಯ ಪ್ಲಗ್ಗಿನಿಂದ ತುಂಬಿಸಲು ಹನ್ನೆರಡು ಗಂಟೆ ಬೇಕು. ಊರಿನ ದೊಡ್ಡ ಯಂತ್ರಗಳಲ್ಲಾದರೆ ಒಂದೇ ಗಂಟೆ.

"ಏನ್ ಸಾಹೇಬ್ರೆ, ಗಾಡಿಗೆ ನಿಶ್ಶಕ್ತೀನಾ?" ಕೆಳಮನೆಯ ನಿವೃತ್ತ ಲಿಫ್ಟ್ ಮೇಸ್ತ್ರಿ ಪ್ರತ್ಯಕ್ಷರಾದರು. ಕಟ್ಟಡದಲ್ಲಿ ಎಲ್ಲೇ ಏನು ಕೆಟ್ಟರೂ ವಾಸನೆ ಹಿಡಿದು ಬರುವ ಈ ಮಹಾನುಭಾವರು ಯಾರೂ ಕರೆಯದಿದ್ದರೂ ಸಲಕರಣೆಯ ಚೀಲದೊಂದಿಗೆ ಮುಂದಿನ ಸೀಟಿನಲ್ಲಿ ಪ್ರತಿಷ್ಠಾಪಿತರಾದರು. "ನಡೀರಿ. ನಲವತ್ತು ವರ್ಷ ಲಿಫ್ಟ್ ಏರ್ಸಿ ಇಳಿಸ್ದೋನಿಗೆ ಕಾರೇನು ಮಹಾ? ಇದು ಅಡ್ಡಡ್ಡ ಹೋಗೋ ಲಿಫ್ಟು, ಅಷ್ಟೆ."

ಮೊದಲ ಯಂತ್ರ ಬಟ್ಟೆ ಮಳಿಗೆಯ ಮುಂದೆ ಇತ್ತು. ಅದರ ವೈರಿನ ತುದಿಯಲ್ಲಿ ಮೇಲೆ ಏಳು ಸಣ್ಣ ತೂತು, ಕೆಳಗೆ ಎರಡು ದೊಡ್ಡ ತೂತು ಇರುವ ಉದ್ದನೆಯ ಮೂತಿ. ಕಾರಿನ ಪಕ್ಕೆಯಲ್ಲಿ ಇದ್ದುದೋ ಹಪ್ಪಳದಂತೆ ದುಂಡಗಿನ ಬಾಯಿ. ಕೊಕ್ಕರೆಯ ಹೂಜಿಗೆ ನರಿ ಮೂತಿ ಇಟ್ಟ ಪಾಠವನ್ನು ಬಾಲ್ಯದಲ್ಲಿ ಓದಿದ್ದ ಸಾಹೇಬರು ಅದನ್ನು ನಡುಬೀದಿಯಲ್ಲಿ ಅಭಿನಯಿಸಿ ತೋರಿಸಿದರು.

"ಸಾರ್, ನಿಮ್ಮ ಗಾಡೀದು ಹಳೇ ಬಾಯಿ" ಎಂದ ಮಳಿಗೆಯ ಕಾವಲಿನವನು, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ. "ಕಂಪನಿಯೋರು ಎರಡು ವರ್ಷದ ಹಿಂದೇನೇ ಬದಲಾಯಿಸಿದ್ರು. ಈ ಗುಂಡುಬಾಯಿಗೆ ಈಗ ಯಾರೂ ಉಣಿಸಲ್ಲ."

"ಹಾಗಾದ್ರೆ ಮಾನದಂಡ?"

"ಅದಿದೆ ಸಾರ್. ನಾಲ್ಕು ಥರ ಇದೆ."

ಹೀಗೆ ನಾಲ್ಕಾಗುವ ವಸ್ತುವಿಗೆ ಮಾನದಂಡವೆಂದು ಹೆಸರಿಡುವವರ ನಾಲಗೆಯನ್ನೇ ಮೊದಲು ತೂಗಿ ನೋಡಬೇಕು! ಸಾಹೇಬರಿಗೂ ಹಾಗೆಯೇ ಅನಿಸಿತು. ಆದರೆ ಹಿಂದೆ ಮೂರು ಕಾರುಗಳು ಹಾರ್ನ್ ಬಾರಿಸುತ್ತಿದ್ದುದರಿಂದ ಭಾಷಣವನ್ನು ನುಂಗಿಕೊಂಡು ಮುಂದೆ ನಡೆದರು.

ಮೇಸ್ತ್ರಿಗೆ ಪರಿಚಯದ ಅಂಗಡಿಯೊಂದರಲ್ಲಿ ಅಡಾಪ್ಟರು ಸಿಕ್ಕಿತು: ಒಂದು ಕಡೆ ಉದ್ದ, ಇನ್ನೊಂದು ಕಡೆ ಗುಂಡು. ಸಿನಿಮಾ ಮಂದಿರದ ಆವರಣದಲ್ಲಿದ್ದ ಎರಡನೆಯ ಯಂತ್ರಕ್ಕೆ ಅದನ್ನು ಸಿಕ್ಕಿಸಿ ಕಾರಿಗೆ ಒತ್ತಿದರು. ಅರ್ಧಕ್ಕೆ ನಿಂತಿತು.

"ಒಂಚೂರು ಗ್ರೀಸ್ ಸವರೋಣ" ಎಂದರು ಮೇಸ್ತ್ರಿ.

"ವಿದ್ಯುತ್ತಿಗೆ ಗ್ರೀಸಾ?"

"ಲಿಫ್ಟಿಗೆ ಹಚ್ತಿರಲಿಲ್ವಾ?"

ಅಡಾಪ್ಟರು ಒಳಗೆ ಹೋಯಿತು. ಯಂತ್ರದೊಳಗಿನ ಹೆಣ್ಣು ದನಿ, "ವಾಹನವನ್ನು ಗುರುತಿಸಲಾಗುತ್ತಿಲ್ಲ, ಧನ್ಯವಾದಗಳು" ಎಂದಿತು. ಎಳೆದರೆ ಹೊರಗೆ ಬರಲೊಲ್ಲದು. ಸಾಹೇಬರು ಎಳೆದರು; ಸಾಹೇಬರ ಸೊಂಟ ಹಿಡಿದು ಮೇಸ್ತ್ರಿ ಎಳೆದರು; ಮೇಸ್ತ್ರಿಯ ಸೊಂಟ ಹಿಡಿದು ಟಿಕೆಟ್ಟು ಹರಿಯುವವನು ಎಳೆದ. ಪ್ರತಿ ಎಳೆತಕ್ಕೂ ಆ ಹೆಣ್ಣು ದನಿ ಧನ್ಯವಾದ ಹೇಳುತ್ತಿತ್ತು. ಅಷ್ಟರಲ್ಲಿ ಆಟ ಬಿಟ್ಟು ಹೊರಬಂದ ಪ್ರೇಕ್ಷಕರು, ಒಳಗೆ ನಗು ಸಿಕ್ಕಿರಲಿಲ್ಲವೆಂದು ಕಾಣುತ್ತದೆ, ಸುತ್ತುಗಟ್ಟಿ ನಿಂತರು. ಆರನೆಯ ಎಳೆತಕ್ಕೆ ಅಡಾಪ್ಟರು ಕಿತ್ತು ಬಂದಿತು. ಮೂವರೂ ಮೂಟೆಗಳಂತೆ ಒಬ್ಬರ ಮೇಲೊಬ್ಬರು ಉರುಳಿದರು. ಚಪ್ಪಾಳೆ ಬಿದ್ದಿತು.

ಫೋನು ಹೊಡೆದುಕೊಂಡಿತು. "ರೀ, ಗಂಟೆ ಎರಡಾಯ್ತು. ಎಲ್ಲಿದೀರಿ?" ಹೆಂಡತಿಯ ದನಿ. "ನನ್ನ ತಮ್ಮ ಟ್ಯಾಂಕ್ ತುಂಬಿಸ್ಕೊಂಡು ಕೂತಿದಾನೆ. ಹೋಗು ಅನ್ಲಾ?"

"ಬೇಡ! ಅಂದ್ರೆ ಬೇಡ!"

"ಮೀಸೆ ಮತ್ತೆ ಬೆಳೆಯುತ್ತೇರೀ. ಅಮ್ಮ ಅಲ್ಲಿ ಕಾಯ್ತಾ ಕೂತಿರ್ತಾರೆ."

ಸಾಹೇಬರು ಫೋನು ಇಟ್ಟರು. ಬ್ಯಾಟರಿ ಐದಕ್ಕೆ ಇಳಿದಿತ್ತು.

ಆಗ ಮೇಸ್ತ್ರಿಯ ಫೋನಿನ ನಕ್ಷೆಯಲ್ಲಿ ಒಂದು ಬೂದು ಚುಕ್ಕೆ ಕಂಡಿತು. ಊರಾಚೆ ಹೆದ್ದಾರಿಯ ಪಕ್ಕದ ಟೈರ್ ಅಂಗಡಿಯಲ್ಲಿ ಗುಂಡುಮೂತಿಯ ಯಂತ್ರ! ಕಿಟಕಿ ಏರಿಸಿ, ಎ.ಸಿ. ಆರಿಸಿ, ಹಾಡು ನಿಲ್ಲಿಸಿ, ಮಾತೂ ನಿಲ್ಲಿಸಿ ಇಬ್ಬರೂ ಬೆವರುತ್ತ ಅಲ್ಲಿಗೆ ತಲುಪಿದಾಗ ಬ್ಯಾಟರಿಯಲ್ಲಿ ಇದ್ದುದು ಒಂದು. ಅಂಗಡಿಯ ಮುಂದೆ ಅದೂ ಮುಗಿಯಿತು.

ವೈರು ತೂಗುತ್ತಿತ್ತು. ಸಾಹೇಬರು ಅದರ ತುದಿಯನ್ನು ಕಾರಿಗೆ ಹಿಡಿದರು. ಟಕ್! ಹಾಲಿಗೆ ಬಾಯಿಟ್ಟ ಕರುವಿನಂತೆ ಕೂತಿತು. ಸಾಹೇಬರ ಕಣ್ಣಲ್ಲಿ ನೀರು ಬಂದಿತು. ಕರೆಂಟು ಬರಲಿಲ್ಲ.

"ಅದು ನಡೆಯಲ್ಲ ಸಾರ್" ಎನ್ನುತ್ತ ಅಂಗಡಿಯಾಕೆ ಕೈ ಒರೆಸಿಕೊಂಡು ಬಂದರು. "ಸೀಲ್ ಮಾಡಿ ಹೋಗಿದಾರೆ. ಮೂರು ತಿಂಗಳಾಯ್ತು."

"ಯಾರು? ಯಾಕೆ?"

"ಯಾರೋ ಸರ್ಕಾರದೋರು, ಕರೆಂಟಿನೋರೇ ಇರ್ಬೇಕು. ಆಫೀಸರ್ ಬರಲೇ ಇಲ್ಲ. ಜವಾನರಿಬ್ಬರು ಬಂದ್ರು, ಸೀಸದ ಮುದ್ರೆ ಒತ್ತಿದ್ರು, ಚೀಟಿ ಅಂಟಿಸಿದ್ರು. ಮೀಟರ್ ಸರಿಯಾಗಿದೆ, ಬಂದು ನೋಡ್ಲಿ ಅಂದೆ. ಸಾಹೇಬ್ರು ಕೂತಲ್ಲೇ ಎಲ್ಲಾ ನೋಡಿದಾರೆ ಅಂದ್ರು. ಆ ದರಿದ್ರ ಚೀಟಿ ಕಣ್ಣಿಗೆ ಬೀಳ್ಬಾರ್ದು ಅಂತ ಟೈರ್ ಒಟ್ಟಿದೀನಿ."

ಸಾಹೇಬರ ಮುಖ ಕೆಂಪಾಯಿತು. "ಸ್ಥಳಕ್ಕೆ ಬರದೆ ಸೀಲಾ! ನಮ್ಮ ಇಲಾಖೇಲಿ ಹೀಗಾಗಿದ್ರೆ ಆ ಮನುಷ್ಯನ್ನ ತಕ್ಕಡೀಲಿ ತೂಗಿಹಾಕ್ತಿದ್ದೆ. ಕಾಗದ ಕೊಡಿ ತಾಯಿ!"

ಟೈರಿನ ಮೇಲೆ ಕುಳಿತು ದೂರು ಬರೆದರು. ಅವರ ಸೇವಾವಧಿಯಲ್ಲೇ ಅಂಥ ಗದ್ಯ ಹುಟ್ಟಿರಲಿಲ್ಲ. ಸ್ಥಳ ಪರಿಶೀಲಿಸದೆ ಕುರ್ಚಿಯಲ್ಲಿ ಕುಳಿತು ಸಹಿ ಹಾಕುವ ಅಧಿಕಾರಿ ಪ್ರಜೆಗಳ ಪಾಲಿನ ಗೆದ್ದಲೆಂದೂ, ಅವನನ್ನು ತಕ್ಷಣ ವಿಚಾರಣೆಗೆ ಒಳಪಡಿಸಬೇಕೆಂದೂ, ಸಾಕ್ಷ್ಯ ನಾಶವಾಗದಂತೆ ತನಿಖೆ ಮುಗಿಯುವವರೆಗೆ ಆ ಮುದ್ರೆಯನ್ನು ಯಾರೂ, ಯಾವ ಕಾರಣಕ್ಕೂ ಮುಟ್ಟಕೂಡದೆಂದೂ ಬರೆದು, ಸಹಿ ಮಾಡಿ, ಜೇಬಿನ ಮೊಹರು ಒತ್ತಿದರು. ಮೇಸ್ತ್ರಿ ಅದರ ಫೋಟೊ ತೆಗೆದು, ಕೇಳುವ ಮೊದಲೇ, ಸರ್ಕಾರದ ದೂರು ವಿಭಾಗಕ್ಕೆ ಕಳಿಸಿಯೂಬಿಟ್ಟರು.

ಸರ್ಕಾರ ಎಂದೂ ಇಲ್ಲದ ಚುರುಕಿನಿಂದ ಎರಡೇ ನಿಮಿಷದಲ್ಲಿ ಉತ್ತರಿಸಿತು: ದೂರು ದಾಖಲಾಗಿದೆ. ತಪ್ಪಿತಸ್ಥ ಅಧಿಕಾರಿಯ ಹೆಸರು ತಿಳಿಸಿ.

"ಟೈರ್ ಸರಿಸ್ರಮ್ಮ" ಎಂದರು ಮೇಸ್ತ್ರಿ ಉತ್ಸಾಹದಿಂದ. ಏಳು ಟೈರುಗಳು ಉರುಳಿದವು. ಚೀಟಿ ಕಂಡಿತು. ಮೇಸ್ತ್ರಿ ಕನ್ನಡಕ ಏರಿಸಿ ಗಟ್ಟಿಯಾಗಿ ಓದತೊಡಗಿದರು: "ಸ್ಥಳ ಪರಿಶೀಲನೆ ನಡೆಸಿ, ಮೀಟರಿನ ಲೋಪಕ್ಕಾಗಿ ಮುದ್ರೆ ಹಾಕಲಾಗಿದೆ. ಇನ್‌ಸ್ಪೆಕ್ಟರ್, ತೂಕ ಮತ್ತು ಅಳತೆ..." ದನಿ ಇಳಿಯಿತು. ಚೀಟಿಯನ್ನು ನೋಡಿದರು. ಕೈಯಲ್ಲಿದ್ದ ದೂರನ್ನು ನೋಡಿದರು. ಮತ್ತೆ ಚೀಟಿಯನ್ನು ನೋಡಿದರು.

"ಸಾಹೇಬ್ರೆ, ಎರಡು ಸಹಿಗೂ ಗುಲಗಂಜಿಯಷ್ಟೂ ವ್ಯತ್ಯಾಸ ಇಲ್ಲ."

ವರ್ಷದ ಲೆಕ್ಕ ಮುಗಿಸುವ ಕೊನೆಯ ಸಂಜೆ, ಗುಮಾಸ್ತ ಮುಂದಿಟ್ಟ ಮೂವತ್ತೆಂಟು ಚೀಟಿಗಳು. ಒಂದು ಕೈಯಲ್ಲಿ ಚಹಾದ ಲೋಟ, ಇನ್ನೊಂದರಲ್ಲಿ ಪೆನ್ನು. ಎಲ್ಲವೂ ಸಾಹೇಬರಿಗೆ ಒಮ್ಮೆಲೇ ನೆನಪಾಯಿತು.

"ಹಂಗಾದ್ರೆ ಒಳ್ಳೇದೇ ಆಯ್ತಲ್ಲ ಸಾರ್!" ಅಂಗಡಿಯಾಕೆ ಇಕ್ಕಳ ತಂದು ಕೈಗಿತ್ತರು. "ಸೀಲ್ ಹಾಕ್ದೋರು ನೀವೇ. ತೆಗೆಯೋರೂ ನೀವೇ. ಕತ್ತರಿಸಿ."

ಸಾಹೇಬರು ಇಕ್ಕಳ ಎತ್ತಿದರು. ಮೇಸ್ತ್ರಿ ಮೆಲ್ಲನೆ ಕೆಮ್ಮಿದರು. "ಯಾರೂ, ಯಾವ ಕಾರಣಕ್ಕೂ ಮುಟ್ಟಕೂಡದು ಅಂತ ನೀವೇ ಬರ್ದಿದೀರಿ. ಮೊಹರು ಬೇರೆ ಒತ್ತಿದೀರಿ."

ಇಕ್ಕಳ ಕೆಳಗಿಳಿಯಿತು.

ಸಂಜೆ ಆರಕ್ಕೆ ಹೆದ್ದಾರಿಯಲ್ಲಿ ಮೊದಲು ಹೊಗೆ ಕಂಡಿತು, ಅನಂತರ ಡೀಸೆಲ್ ವ್ಯಾನು. ಹೆಂಡತಿ ಇವರ ಮಾತು ಕೇಳದೆ ತಮ್ಮನನ್ನು ಆಸ್ಪತ್ರೆಗೆ ಕಳಿಸಿದ್ದರು; ಅವನು ಮರಳುವ ದಾರಿಯೂ ಇದೇ. ಭಾಮೈದ ಇಳಿದು, ಕಾರಿನ ಮೂತಿಗೆ ಹಗ್ಗ ಬಿಗಿದ. ಯಾವ ಮಾನದಂಡದ ಅಡ್ಡಿಯೂ ಇಲ್ಲದೆ ಗಂಟು ಒಂದೇ ಸಲಕ್ಕೆ ಕೂತಿತು.

"ಭಾವ, ದಾರೀಲಿ ಕ್ಷೌರದಂಗಡಿ ಹತ್ರ ನಿಲ್ಲಿಸ್ಲಾ, ಇಲ್ಲ ಸೀದಾ ಮನೆಗಾ?"

ವ್ಯಾನಿನ ಕಿಟಕಿಯಿಂದ ಕಪ್ಪು ಕನ್ನಡಕದ ಅತ್ತೆಯವರು ತಲೆ ಹೊರಹಾಕಿದರು. ಮೇಸ್ತ್ರಿ ಅಷ್ಟರಲ್ಲೇ ಅವರಿಗೆ ಇಡೀ ಪುರಾಣ ಒಪ್ಪಿಸಿ ಮುಗಿಸಿದ್ದರು.

"ಅಳಿಯಂದಿರೆ," ಎಂದರು ಅತ್ತೆ ಬಹಳ ಮೃದುವಾಗಿ, "ನೀವೂ ನನ್ನ ಜೊತೇಲೇ ಆಸ್ಪತ್ರೆಗೆ ಬರಬೇಕಾಗಿತ್ತು. ಪೊರೆ ಇದ್ದಿದ್ದು ನನ್ನ ಕಣ್ಣಿಗೊಂದೇ ಅಲ್ಲ."

ಹಗ್ಗ ಬಿಗಿಯಾಯಿತು. ಹೊಗೆಯ ಹಿಂದೆ, ಸದ್ದಿಲ್ಲದೆ, ಸಾಹೇಬರು ಊರು ಸೇರಿದರು. ಮರುದಿನ ಬೋಳು ಮೇಲ್ದುಟಿಯೊಂದಿಗೆ ಕಚೇರಿಗೆ ಹೋದಾಗ, ಮೇಸ್ತ್ರಿ ಚೀಟಿಯ ಫೋಟೊವನ್ನೂ ಕಳಿಸಿಬಿಟ್ಟಿದ್ದರ ಫಲವಾಗಿ, ಮೇಜಿನ ಮೇಲೆ ಒಂದು ಲಕೋಟೆ ಕಾದಿತ್ತು: ತಮ್ಮ ಮೇಲೆ ತಾವೇ ಕೊಟ್ಟ ದೂರಿಗೆ ಏಳು ದಿನದೊಳಗೆ ಉತ್ತರಿಸತಕ್ಕದ್ದು.

ಗುಲಗಂಜಿಗೆ ತನ್ನ ಕಪ್ಪು ಕಾಣದೆಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಆದರೆ ಸಾಹೇಬರನ್ನು ನೋಡಿ ನಗುತ್ತಿರುವ ಓದುಗರೆ, ನಿಮ್ಮ ಮೇಜಿನ ಮೇಲೂ ಈ ಹೊತ್ತು ಸಹಿಗಾಗಿ ಕಾದ ಕಾಗದವೊಂದು ಇದ್ದೇ ಇರುತ್ತದೆ. ದಯವಿಟ್ಟು ಪೆನ್ನಿಗೆ ಮುಚ್ಚಳ ಹಾಕಿ, ಎದ್ದು, ಚಪ್ಪಲಿ ಮೆಟ್ಟಿಕೊಂಡು, ಕಾಗದ ಹೇಳುವ ಜಾಗಕ್ಕೆ ಹೋಗಿ ಕಣ್ಣಾರೆ ನೋಡಿ ಬನ್ನಿ. ಗಾಡಿಯಲ್ಲಿ ಚಾರ್ಜು ಇಲ್ಲದಿದ್ದರೆ ನಡೆದೇ ಹೋಗಿ.