ಚಿತ್ರದ ಎಡತುದಿ

...ಅಥವಾ ಅದು ಬೇರೆ ಯಾರದೋ ಗೃಹಪ್ರವೇಶವೇ? ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟುಗಳೆಲ್ಲ ನನ್ನ ನೆನಪಿನಲ್ಲಿ ಒಂದೇ ಥರ ಇವೆ. ಈ ನೆನಪನ್ನು ನಂಬುವುದೂ ಕಷ್ಟ. ಆದರೆ ಮಾವ ಮಾತ್ರ ಸ್ಪಷ್ಟ. ಎಲ್ಲರೂ ದೇವರಿಗೆ ಕೈಮುಗಿಯಲು ಹೋದರೆ ಅಮ್ಮನ ಈ ತಮ್ಮ ನೆಟ್ಟಗೆ ಹೊಸ ಟಿವಿಯ ಮುಂದೆ ಹೋಗಿ ನಿಂತರು. ಕೈಯಲ್ಲಿ ಉಡುಗೊರೆ ಇರಲಿಲ್ಲ, ಸ್ಟೀಲ್ ಸ್ಕೇಲ್ ಇತ್ತು!

ಪೀಣ್ಯದ ಕಾರ್ಖಾನೆಯಲ್ಲಿ ದಿನವಿಡೀ ಅಳೆಯುವ ಮನುಷ್ಯ, ರಜೆಯಲ್ಲಾದರೂ ಸುಮ್ಮನಿರಬಾರದೇ? ಯಾವುದೋ ಹಳೆಯ ಸಿನಿಮಾ ಬರುತ್ತಿತ್ತು. ಎತ್ತಿನಗಾಡಿ ಕಾಣಿಸುವವರೆಗೂ ಕಾದು, ಅದರ ಚಕ್ರವನ್ನು ಅಡ್ಡಕ್ಕೂ ಉದ್ದಕ್ಕೂ ಅಳೆದರು.

"ನೋಡಿ ಸಾರ್, ಚಕ್ರ ಮೊಟ್ಟೆ ಆಗ್ಬಿಟ್ಟಿದೆ. ಊಟಾನೇ ಹಾಕ್ದೆ ಹೀರೋಯಿನ್ನ ದಪ್ಪ ಮಾಡಿದ್ದೀರಲ್ರೀ!"

ಮನೆಯೊಡೆಯರು ಕಕ್ಕಾಬಿಕ್ಕಿ. ಮಾವ ರಿಮೋಟ್ ಒತ್ತಿ, ಟಿವಿ ಅಗಲಕ್ಕೆ ಎಳೆದು ಹಿಗ್ಗಿಸಿದ್ದ ಚಿತ್ರವನ್ನು ಅದರ ಅಳತೆಗೆ ತಂದರು. ನಾಯಕಿ ತೆಳ್ಳಗಾದಳು, ಚಕ್ರ ಗುಂಡಗಾಯಿತು. ಆಮೇಲೆಯೇ ಪಾಯಸ!

ನಮ್ಮ ಮನೆಯಲ್ಲಿ ಅದು ನಡೆಯಲಿಲ್ಲ. ಅಮ್ಮನಿಗೆ ಚಿತ್ರ ತೆರೆಯ ತುಂಬ ಇರಬೇಕು; ಮಾವ ಸರಿಮಾಡಿದಾಗ ಬರುವ ಕಪ್ಪು ಪಟ್ಟಿ ಕಂಡರಾಗದು.

"ಮೇಲೂ ಕೆಳಗೂ ಯಾಕೋ ಮಸಿ ಬಳಿದಂಗೆ? ನಾವು ತಂದಿರೋದು ಇಡೀ ಟಿವಿ ಕಣೋ, ಅರ್ಧ ಅಲ್ಲ!"

"ಅಕ್ಕಾ, ತೆರೆ ತುಂಬ್ಸಕ್ಕೆ ಹೋಗಿ ಚಿತ್ರದ ಪಕ್ಕದಲ್ಲಿರೋರ್ನ ಕತ್ತರಿಸ್ತಿದ್ದೀಯ."

"ಪಕ್ಕದಲ್ಲಿರೋರು ನಮ್ಗೇನಾಗ್ಬೇಕೋ?"

ಮಾವ ಅವತ್ತು ಕಾಫಿ ಕುಡಿಯದೆ ಎದ್ದುಹೋದರು.

ಕಾರಣ ಆಮೇಲೆ ನನಗೊಬ್ಬನಿಗೇ ಹೇಳಿದರು. ಮದುವೆಗೆ ಮುಂಚೆ, ಆನೇಕಲ್ ಸಂತೆಯಲ್ಲಿ ಅಗಲ ಪರದೆಯ ಸಿನಿಮಾವೊಂದರ ಶೂಟಿಂಗ್ ನಡೆದಾಗ, ಮಾವನ ಹೆಂಡತಿ, ನನ್ನ ಅತ್ತೆ, ಬುಟ್ಟಿ ಹಿಡಿದು ಚಿತ್ರದ ಎಡತುದಿಯಲ್ಲಿ ನಡೆದುಹೋಗಿದ್ದರಂತೆ. ಮದುವೆಯಾದ ಮೇಲೆ ಟಾಕೀಸಿನಲ್ಲಿ ಮೊಣಕೈಯಿಂದ ತಿವಿದು ತೋರಿಸಿದ್ದರಂತೆ. ಅತ್ತೆ ತೀರಿಕೊಂಡಾಗ ನಾನು ಚಿಕ್ಕವನು. ಟಿವಿಯಲ್ಲಿ ಆ ಸಿನಿಮಾ ಎಷ್ಟೋ ಸಲ ಬಂತು, ಪ್ರತಿ ಸಲವೂ ಎರಡೂ ಬದಿ ಕತ್ತರಿಸಿಕೊಂಡೇ ಬಂತು.

"ಫೋಟೋ ಇದೆಯಲ್ಲ ಮಾವ?"

"ಫೋಟೋದಲ್ಲಿ ನಿಂತಿದ್ದಾಳೆ ಕಣೋ. ಅಲ್ಲಿ ನಡೀತಾಳೆ."

ಕೊನೆಗೆ, ಬ್ಲೂ-ರೇ ಕಾಲದಲ್ಲಿ, ಅಗಲ ಕತ್ತರಿಸದ ಡಿಸ್ಕ್ ಸಿಕ್ಕಿತು. ಭಾನುವಾರ ಮಧ್ಯಾಹ್ನ ಮಾವನ ಮನೆಯಲ್ಲಿ ಎಲ್ಲರೂ ಸೇರಿದೆವು. ಕಿಟಕಿಗಳಿಗೆಲ್ಲ ಕಂಬಳಿ, ಸೆಕೆಗೆ ನಾವೇ ಬೇಯುತ್ತಿದ್ದೆವು. ಅಮ್ಮ ಬಾಯಿ ತೆರೆಯುವ ಮೊದಲೇ ಮಾವ ಅತ್ತೆಯ ವಿಷಯ ಎಲ್ಲರಿಗೂ ಹೇಳಿಬಿಟ್ಟರು. ಮೇಲೂ ಕೆಳಗೂ ದಪ್ಪ ಕಪ್ಪು ಪಟ್ಟಿ, ನಡುವೆ ಎತ್ತಿನ ರೆಪ್ಪೆಗೂದಲೂ ಕಾಣುವಂಥ ಚಿತ್ರ. ಸಂತೆ ಬಂತು. ಗಾಡಿ ಬಂತು. ಮಾವ ಚಕ್ರ ಅಳೆಯಲಿಲ್ಲ. ಸ್ಕೇಲ್ ಮಡಿಲಲ್ಲೇ ಇತ್ತು.

ಎಡತುದಿಯಲ್ಲಿ ಬುಟ್ಟಿ ಹಿಡಿದ ಹೆಣ್ಣೊಬ್ಬಳು ನಡೆದು, ಅತ್ತ ತಿರುಗಿ, ಮರೆಯಾದಳು.

ಮಾವ ಹಿಂದಕ್ಕೆ ಓಡಿಸಿ, ಅವಳಿದ್ದಲ್ಲಿ ಚಿತ್ರ ನಿಲ್ಲಿಸಿದರು. ಕ್ಯಾಮೆರಾದ ಕಣ್ಣೆಲ್ಲ ನಾಯಕನ ಮೇಲೆ. ಅವಳ ಮುಖ ಬರೀ ಮಸುಕು. ಇಷ್ಟೆಲ್ಲ ಸ್ಪಷ್ಟವಿದ್ದು ಅದೊಂದೇ!

"ನಿಲ್ಲಿಸ್ಬಾರ್ದು," ಎಂದರು ಮಾವ. "ನಿಲ್ಲಿಸಿದ್ರೆ ಇದೂ ಫೋಟೋ ಆಗ್ಬಿಡತ್ತೆ."

ಮತ್ತೆ ಹಿಂದಕ್ಕೆ. ಮತ್ತೆ ಅವಳು ನಡೆದಳು. ಮಾವ ನನ್ನತ್ತ ತಿರುಗಿ, "ನಿಮ್ಮತ್ತೇನೇ ಅಲ್ವೇನೋ?" ಎಂದರು. ನಾನು ಅಮ್ಮನ ಮುಖ ನೋಡಿದೆ.

ಅಮ್ಮ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, "ಆ ಕಪ್ಪು ಪಟ್ಟಿ ಹಂಗೇ ಇರ್ಲಿ ಬಿಡೋ," ಎಂದರು. "ಇನ್ನೊಂದ್ಸಲ ಹಾಕು."

ಅವಳು ಅತ್ತೆಯೋ ಅಲ್ಲವೋ ನನಗೆ ಗೊತ್ತಿಲ್ಲ. ಅಮ್ಮನಿಗೆ ಗುರುತು ಸಿಕ್ಕಿತ್ತೇ ಎಂದು ನಾನು ಕೇಳಲೂ ಇಲ್ಲ.