ಅತ್ತೆ ಕುಡಿದ ಫಿಲ್ಟರ್ ನೀರು

ಬದುಕಿನ ದೊಡ್ಡ ನಿರ್ಧಾರಗಳನ್ನು ನಾವು ಎಷ್ಟು ಸಲೀಸಾಗಿ ಮಾಡಿಬಿಡುತ್ತೇವೆ ಎಂದು ಈ ವಯಸ್ಸಿನಲ್ಲಿ ನನಗೆ ಆಶ್ಚರ್ಯವಾಗುತ್ತದೆ. ನನ್ನ ಮದುವೆ, ನೋಡಲು ಬಂದವರ ಕೈಯ ಕಾಫಿ ಆರುವುದರೊಳಗೆ ಗೊತ್ತಾಗಿತ್ತು. ತುಮಕೂರಿನ ಈ ಸೈಟನ್ನು ನಮ್ಮವರು ಸ್ಕೂಟರಿನಿಂದ ಇಳಿಯದೆಯೇ ಒಪ್ಪಿಕೊಂಡಿದ್ದರು. ಆದರೆ ಅಡಿಗೆಮನೆಗೆ ಒಂದು ವಾಟರ್ ಫಿಲ್ಟರ್ ಆರಿಸಲು, ರಿಟೈರಾದ ಗ್ರ್ಯಾಜುಯೇಟುಗಳಾದ ನಾವಿಬ್ಬರೂ ಯುಗಾದಿಯಿಂದ ಗೌರಿಹಬ್ಬದವರೆಗೆ ಒದ್ದಾಡಿದೆವು.

ಅವಸರವಿರಲಿಲ್ಲವೆಂದಲ್ಲ. ಮಂಡಿನೋವಿನ ಚಿಕಿತ್ಸೆಗೆಂದು ಹುತ್ರಿದುರ್ಗದಿಂದ ಬಂದು ನಮ್ಮಲ್ಲೇ ಉಳಿದಿರುವ ನನ್ನ ಅತ್ತೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಲೋಟ ಕೊಟ್ಟರೆ ತುಟಿ ಒದ್ದೆ ಮಾಡಿಕೊಂಡು ಕೆಳಗಿಡುವರು. ಹೀಗೇ ಆಗಿ ಒಮ್ಮೆ ಉರಿಮೂತ್ರ, ಜ್ವರ. "ನೀರು ಕುಡಿಸಿ ಮೇಡಂ. ಇನ್ನೊಂದ್ಸಲ ಹಿಂಗಾದ್ರೆ ಅಡ್ಮಿಟ್ ಮಾಡ್ಬೇಕಾಗುತ್ತೆ," ಎಂದರು ಡಾಕ್ಟರು. ನಲ್ಲಿ ನೀರು ಬಂದ ದಿನ ಸಂಪು ತುಂಬಿಸಿಕೊಂಡು, ಮತ್ತೆ ಬರುವವರೆಗೆ ಅದನ್ನೇ ಬಳಸುವವರು ನಾವು. ಆ ನೀರಿನ ವಾಸನೆಗೇ ಅತ್ತೆ ಹೇಸುತ್ತಿದ್ದಾರೆಂದು ನಾನೇ ತೀರ್ಮಾನಿಸಿದೆ. ಪ್ಯೂರಿಫೈ ಮಾಡಿದರೆ ಆಯಿತಲ್ಲ!

ಕಾನ್ವೆಂಟಿನಲ್ಲಿ ಓದಿದ್ದರಿಂದ ನನಗೊಂದು ಚಟ ಅಂಟಿದೆ. ಯಾವ ಬ್ರೋಷರ್ ಸಿಕ್ಕಿದರೂ ಕೊನೆಯ ಫುಟ್‌ನೋಟಿನವರೆಗೆ ಓದಲೇಬೇಕು. "ರೀಡ್ ದ ಕ್ವೆಶ್ಚನ್ ಟ್ವೈಸ್, ಗರ್ಲ್ಸ್," ಎಂದು ನಮ್ಮ ಇಂಗ್ಲಿಷ್ ಸಿಸ್ಟರ್ ಪರೀಕ್ಷೆಗೆ ಮೊದಲು ಹೇಳುತ್ತಿದ್ದರು. ಬೇಸಗೆಯಲ್ಲಿ ಆಟ ಮುಗಿಸಿ ನಾವೆಲ್ಲ ಸಾಲಾಗಿ ನಿಂತು, ಬೊಗಸೆಯೊಡ್ಡಿ ಶಾಲೆಯ ನಲ್ಲಿಯಲ್ಲಿ ಕುಡಿಯುತ್ತಿದ್ದುದು ಈಗಲೂ ನೆನಪಾಗುತ್ತದೆ. ಯಾವ ಹಂತದ, ಯಾವ ಸ್ಟೇಜಿನ ಫಿಲ್ಟರೂ ಇಲ್ಲದ ಆ ನೀರು ಎಷ್ಟು ಸಿಹಿಯಾಗಿತ್ತು. ಇರಲಿ. ಆರ್.ಓ., ಯು.ವಿ., ಅವೆರಡೂ ಸೇರಿದ್ದು, ತಾಮ್ರ ಬೆರೆಸುವುದು, ಎಲ್ಲವನ್ನೂ ಓದಿ ನಾನು ಒಂದು ತೀರ್ಮಾನಕ್ಕೆ ಬರುವಷ್ಟರಲ್ಲಿ ನಮ್ಮವರು ಇನ್ನೊಂದು ಬ್ರೋಷರ್ ತರುತ್ತಿದ್ದರು.

ಡೆಮೋ ಕೊಡಲು ಒಬ್ಬರು ಸೇಲ್ಸ್‌ಮನ್ ಮನೆಗೂ ಬಂದರು. ನಮ್ಮ ನೀರಿನ ಲೋಟದೊಳಗೆ ಕರೆಂಟಿನ ಎರಡು ಕಡ್ಡಿ ಇಳಿಸಿದರು. ನೋಡನೋಡುತ್ತಿದ್ದಂತೆ ನೀರು ಕೆಮ್ಮಣ್ಣು ಕಲಸಿದ ಹಾಗಾಯಿತು. ನಾನು ಎದೆ ಹಿಡಿದುಕೊಂಡೆ. ಗೋಡೆಗೆ ಒರಗಿ ಕೂತಿದ್ದ ಅತ್ತೆ ಮಾತ್ರ, "ನೀನು ಕಡ್ಡಿ ಇಕ್ಕೋಕ್ ಮುಂಚೆ ಚೆಂದಾಗೇ ಇತ್ತಲ್ಲಪ್ಪ. ಕಡ್ಡಿ ತೊಳ್ಕಂಡ್ ಬಂದಿದ್ಯಾ?" ಎಂದರು. ಸೇಲ್ಸ್‌ಮನ್ ಬೆವರೊರೆಸಿಕೊಂಡು ಬೇರೆ ಮನೆಗೆ ಹೊರಟರು.

ಕೊನೆಗೂ ಬೇರೊಂದು ಅಂಗಡಿಯಿಂದ ಒಂದು ಆರ್.ಓ. ಬಂದು ಗೋಡೆಗೆ ಕೂತಿತು. ಶುದ್ಧವಾದ ನೀರು ಅದರ ಡಬ್ಬದಲ್ಲಿ ತುಂಬಿಕೊಳ್ಳುತ್ತಿತ್ತು. ಅದು ಬೇಡವೆಂದು ಹೊರಹಾಕುವ ಉಪ್ಪುನೀರಿನ ಪೈಪನ್ನು, ನೆಲ ಒರೆಸಲು ಬರಲೆಂದು ಬಕೆಟ್ಟಿಗೆ ಬಿಟ್ಟೆವು. ವಾರ ಕಳೆಯುವುದರೊಳಗೆ ಪವಾಡ! ಅತ್ತೆ ಚೊಂಬುಗಟ್ಟಲೆ ಕುಡಿಯತೊಡಗಿದರು. "ನಮ್ ಬಾವಿ ನೀರಿದ್ದಂಗೈತೆ ಕಣವ್ವ," ಎಂದು ಬಾಯಿ ಚಪ್ಪರಿಸಿದರು. ನಾನು ಕುಣಿಗಲ್ಲಿನ ನಾದಿನಿಗೆ ಫೋನು ಮಾಡಿ, "ಸ್ವಲ್ಪ ರಿಸರ್ಚ್ ಮಾಡ್ಬೇಕಮ್ಮ, ಸುಮ್ನೆ ತಗೊಂಡ್ರೆ ಆಗಲ್ಲ," ಎಂದು ಕೊಚ್ಚಿಕೊಂಡೆ.

ಒಂದು ಬೆಳಗ್ಗೆ ಬೇಗ ಎದ್ದು ಅಡಿಗೆಮನೆಗೆ ಹೋದರೆ, ಅತ್ತೆ ಸ್ನಾನ ಮುಗಿಸಿ, ವಿಭೂತಿ ಧರಿಸಿ, ಸ್ಟೂಲಿನ ಮೇಲೆ ಕೂತಿದ್ದಾರೆ. ಬಕೆಟ್ಟಿನ ಪೈಪಿನ ತುದಿಗೆ ಬಿಳಿ ಬಟ್ಟೆ ಬಿಗಿದು, ಕೆಳಗೆ ಚೊಂಬು ಹಿಡಿದಿದ್ದಾರೆ.

"ಅಯ್ಯೋ ಅತ್ತೆ, ಅದು ಮೆಷಿನ್ ಬೇಡ ಅಂತ ಆಚೆಗೆ ಬಿಟ್ಟಿರೋ ನೀರು!"

"ಬ್ಯಾಡ ಅಂದಿದ್ದು ಮಿಷನ್ನು, ನಾನಲ್ಲ. ಆ ಡಬ್ಬದಾಗಿರೋದು ನಿನ್ನೇದು, ತಂಗಳು. ಇದು ಈಗ ಬತ್ತಾ ಐತೆ. ಹೊಸಾ ನೀರು ಬುಟ್ಟು ತಂಗಳು ನೀರು ಲಿಂಗಕ್ಕೆ ಎರೀಲಾ?"

ಆಗ ನನಗೆ ಹೊಳೆಯಿತು. ಊರಲ್ಲಿ ಅವರು ಬೆಳಗ್ಗೆ ಬಾವಿಯಿಂದ ಸೇದಿ, ಬಟ್ಟೆಯಲ್ಲಿ ಸೋಸಿ, ಮೊದಲು ಇಷ್ಟಲಿಂಗಕ್ಕೆ ಎರೆದು, ಆ ದಿನದ ನೀರನ್ನು ಆ ದಿನವೇ ಕುಡಿಯುತ್ತಿದ್ದವರು. ಪೈಪಿನದೂ ಸಂಪಿನ ನೀರೇ, ಆದರೆ ಕಣ್ಣೆದುರು ಹರಿದು ಬಂದದ್ದು ಅವರಿಗೆ ಹೊಸದೇ. ಅವರ ತಕರಾರು ಕೊಳೆಯ ಮೇಲಲ್ಲ, ನಿನ್ನೆಯ ಮೇಲೆ.

"ಮೊದ್ಲೇ ಹೇಳ್ಬಾರ್ದಿತ್ತಾ ಅತ್ತೆ?"

"ಯಾರ್ ಕೇಳಿದ್ರು? ನೀವಿಬ್ರೂ ಪುಸ್ತಕ ಹಿಡ್ಕಂಡ್ ಕೂತಿದ್ರಿ."

ಈಗ ರಾತ್ರಿಯ ಅಡಿಗೆಗೆ ಆ ಡಬ್ಬವನ್ನು ಪೂರ್ತಿ ಖಾಲಿ ಮಾಡಿ, ಫಿಲ್ಟರಿನ ಸ್ವಿಚ್ ಆರಿಸುತ್ತೇನೆ. ಬೆಳಗ್ಗೆ ಅದು ಹೊಸದಾಗಿ ತುಂಬುವುದನ್ನು ಅತ್ತೆ ಎದುರಿಗೇ ಕೂತು ಕಾಯುತ್ತಾರೆ. ಡಬ್ಬದ ನೀರು ಸಪ್ಪೆ ಎಂದು ಅವರು ಗೊಣಗಿದ್ದಕ್ಕೆ, ಮೆಕ್ಯಾನಿಕ್ ಬಂದು ಯಾವುದೋ ಸ್ಕ್ರೂ ತಿರುಗಿಸಿ, ಅವರು "ಸಾಕು" ಎನ್ನುವವರೆಗೆ ನೀರಿನಲ್ಲಿ ಕೊಂಚ ಉಪ್ಪಿನ ರುಚಿ ಉಳಿಸಿಕೊಟ್ಟಿದ್ದಾನೆ. ಪೈಪಿನಿಂದ ಬಿಚ್ಚಿ ಅವರು ಫಿಲ್ಟರಿನ ನಲ್ಲಿಗೆ ಕಟ್ಟಿದ ಬಟ್ಟೆಯನ್ನು ಮಾತ್ರ ಬಿಚ್ಚಿಸಲಾಗಲಿಲ್ಲ. ಅತ್ತೆಗೆ ಮತ್ತೆ ಜ್ವರ ಬಂದಿಲ್ಲ. ಯಾರೂ ಇಲ್ಲದಾಗ ನಾನೂ ಆ ಬಟ್ಟೆಯ ಕೆಳಗೆ ಬೊಗಸೆಯೊಡ್ಡುತ್ತೇನೆ. ಶಾಲೆಯ ನಲ್ಲಿಯ ಸಿಹಿ ಇಲ್ಲ, ಆದರೂ ಅದರ ನೆನಪು ಇದೆ.

ಮೊನ್ನೆ ಪಕ್ಕದ ಮನೆಯಾಕೆ ಬಂದು, ಯಾವ ಫಿಲ್ಟರ್ ಒಳ್ಳೆಯದು ಎಂದು ಕೇಳಿದರು. ನಾನು ಕನ್ನಡಕ ಏರಿಸಿ, ಬ್ರೋಷರುಗಳನ್ನು ಹರವಿಕೊಂಡು, ಸ್ಟೇಜುಗಳನ್ನು ಒಂದೊಂದಾಗಿ ವಿವರಿಸತೊಡಗಿದೆ. ಒಳಗಿನಿಂದ ಅತ್ತೆಯ ದನಿ ಬಂತು: "ಅವರ ಮನೇಲಿ ನೀರು ಕುಡಿಯೋರು ಯಾರು ಅಂತ ಕೇಳವ್ವ ಮೊದ್ಲು."

ನಮ್ಮ ಇಂಗ್ಲಿಷ್ ಸಿಸ್ಟರ್ ಇದ್ದಿದ್ದರೆ, ಪ್ರಶ್ನೆಯನ್ನು ಸರಿಯಾಗಿ ಓದಿದ್ದಕ್ಕೆ ಅತ್ತೆಗೆ ಫುಲ್ ಮಾರ್ಕ್ಸ್ ಕೊಟ್ಟು, ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.