ಹಗ್ಗ ಮುಟ್ಟಿದ ಶಾಸಕರಿಗೆ ಬೆಂಗ್ರೆಯ ಅರಿಕೆ

ಬೆಂಗ್ರೆ, ಮಂಗಳೂರು
ಡಿಸೆಂಬರ್ ೧೦, ೧೯೭೮

ಮಾನ್ಯ ಶಾಸಕ ಶ್ರೀ ಜಯಪಾಲ ಚೌಟರ ಸನ್ನಿಧಾನಕ್ಕೆ,

ಮಾನ್ಯರೇ,

ನದಿಯ ಆಚೆ ದಡದಲ್ಲಿ ತಾವು ಸಕುಟುಂಬ ಕ್ಷೇಮವಾಗಿದ್ದೀರೆಂದೂ, ಬಲ್ಮಠದ ತಮ್ಮ ಕಚೇರಿಯ ಫ್ಯಾನು ಕರೆಂಟು ಇದ್ದಾಗಲೆಲ್ಲ ತಿರುಗುತ್ತಿದೆಯೆಂದೂ ನಂಬಿ, ಈಚೆ ದಡದ ರಂಪಣಿ ಮೀನುಗಾರರ ಕೂಟದ ಕಾರ್ಯದರ್ಶಿ ಗಿರಿಯಪ್ಪ ಪುತ್ರನ್ ಎಂಬ ನಾನು ಕೈಮುಗಿದು ಬರೆಯುತ್ತಿರುವ ಪತ್ರವಿದು. ಇದನ್ನು ಬಹಿರಂಗವಾಗಿ ಬರೆಯುವ ಉದ್ಧಟತನಕ್ಕೆ ಕ್ಷಮೆಯಿರಲಿ. ಲಕೋಟೆಯಲ್ಲಿ ಅಂಟಿಸಿ ಕಳಿಸಿದ ಹಿಂದಿನ ಮೂರು ಪತ್ರಗಳು ತಮ್ಮ ಮೇಜಿನ ಮೇಲೆ ಅಂಟಿಸಿದ ಹಾಗೆಯೇ ಸುರಕ್ಷಿತವಾಗಿವೆ ಎಂದು ತಮ್ಮ ಗುಮಾಸ್ತರು ತಿಳಿಸಿದ್ದಾರೆ.

ಮುಂದಿನ ಅಧಿವೇಶನದಲ್ಲಿ ತಾವು ಮಂಡಿಸಲಿರುವ ‘ಸ್ವಾವಲಂಬಿ ನಿವೃತ್ತಿ ಖಾತೆ’ ಮಸೂದೆಯನ್ನು ನಾನು ನಾಲ್ಕು ಸಲ ಓದಿದೆ. ಕೂಟ, ಸಂಘಗಳು ತಮ್ಮ ಮುದುಕರಿಗಾಗಿ ಒಟ್ಟಿಗೆ ತೆಗೆದಿಡುವ ಪಾಲು, ನಿಧಿಗಳನ್ನೆಲ್ಲ ಮುಚ್ಚತಕ್ಕದ್ದು. ಪ್ರತಿಯೊಬ್ಬನೂ ತನ್ನೊಬ್ಬನ ಹೆಸರಿನಲ್ಲಿ ಖಾಸಗಿ ಫೈನಾನ್ಸ್ ಕಂಪನಿಯಲ್ಲಿ ಖಾತೆ ತೆರೆಯತಕ್ಕದ್ದು. ಕಂಪನಿ ಆ ಹಣವನ್ನು ಶೇರುಗಳಲ್ಲಿ ಹಾಕುವುದು. ಅರವತ್ತು ತುಂಬಿದ ದಿನ ಏರಿದ್ದರೆ ಏರಿದ್ದು, ಇಳಿದಿದ್ದರೆ ಇಳಿದದ್ದು ಅವನ ಪಾಲಿಗೆ. ಇಷ್ಟು ಸರಳವಾದ ಉಪಾಯ ಇಷ್ಟು ವರ್ಷ ಯಾರಿಗೂ ಹೊಳೆಯದೆ ಹೋದದ್ದು ನಮ್ಮ ದುರದೃಷ್ಟ. ಹೊಳೆದದ್ದು ತಮಗೆ ಎಂಬುದನ್ನು ಏನೆಂದು ಕರೆಯಬೇಕೋ ತಿಳಿಯದೆ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.

ನಮ್ಮ ಹಳೆಯ ಪದ್ಧತಿ ತಮ್ಮಂಥ ಓದಿದವರಿಗೆ ನಗು ತರಿಸುವಂಥದ್ದು. ಕಡಲಿಗೆ ರಂಪಣಿ ಬಲೆ ಬಿಟ್ಟು ಇಡೀ ಊರು ದಡದಲ್ಲಿ ನಿಂತು ಹಗ್ಗ ಎಳೆಯುತ್ತದೆ. ಹಗ್ಗಕ್ಕಾಗಲಿ ಮೀನಿನ ಬುಟ್ಟಿಗಾಗಲಿ ಕೈ ಹಚ್ಚಿದವರಿಗೆಲ್ಲ ಒಂದು ಪಾಲು. ವಯಸ್ಸಾಗಿ ಕೈ ಸೋತವರಿಗೆ ಅರ್ಧ ಪಾಲು. ಮಾರಿದ್ದರಲ್ಲಿ ಒಂದಿಷ್ಟು ಮುಪ್ಪಿನ ನಿಧಿಗೆ, ಮಳೆಗಾಲದ ಗಂಜಿಗೆಂದು. ಎಪ್ಪತ್ತೆರಡು ವರ್ಷದ ಅಕ್ಕು ಬೆಳಗಿನಿಂದ ಹಗ್ಗದ ತುದಿಯಲ್ಲಿ ಕುಳಿತು, ಎಳೆದು ಬಂದ ಹಗ್ಗವನ್ನು ಸುರುಳಿ ಸುತ್ತುತ್ತಾಳೆ. ಆ ಅರ್ಧ ಪಾಲು, ಆ ನಿಧಿ, ಇವೆರಡು ಬಿಟ್ಟರೆ ಅವಳಿಗೆ ಬೇರೇನೂ ಇಲ್ಲ. ತಮ್ಮ ಮಸೂದೆ ಜಾರಿಗೆ ಬಂದ ದಿನ ಅವಳ ಹೆಸರಿಗೆ ಹೊಚ್ಚ ಹೊಸ ಖಾತೆಯೊಂದು ತೆರೆಯುತ್ತದೆ, ಅದರೊಳಗೆ ಸೊನ್ನೆ ಇರುತ್ತದೆ. ಅವಳು ಉಪವಾಸ ಬೀಳುತ್ತಾಳೆ ಸ್ವಾಮಿ, ಇದನ್ನು ಸುತ್ತಿಬಳಸಿ ಹೇಳಲು ನನಗೆ ಬರುವುದಿಲ್ಲ.

ಆದರೂ ಮಸೂದೆಗೆ ಅಡ್ಡ ಬರುವ ಇರಾದೆ ನಮಗಿಲ್ಲ. ಅದು ಸುಸೂತ್ರವಾಗಿ ನಡೆಯಲು ತಾವು ಕೆಲವು ಸಣ್ಣ ಏರ್ಪಾಡುಗಳನ್ನು ಮಾಡಿಕೊಟ್ಟರೆ ಸಾಕು. ಯಾರ ದುಡಿಮೆಗೆ ಯಾವ ಮೀನು ಎಂಬ ಗೊಂದಲವಾಗದಂತೆ, ಬಂಗುಡೆಗಳು ಎಳೆಯುವವನ ಹೆಸರನ್ನು ಬೆನ್ನಿನ ಮೇಲೆ ಬರೆಸಿಕೊಂಡೇ ಬಲೆಗೆ ಬೀಳಬೇಕೆಂದು ಮೀನುಗಾರಿಕೆ ಇಲಾಖೆಯ ಮೂಲಕ ಆಜ್ಞೆ ಹೊರಡಿಸಬೇಕು. ಹಾಗೆಯೇ, ಖಾತೆ ತುಂಬುವ ಮೊದಲು ಯಾರನ್ನೂ ಎಳೆದುಕೊಂಡು ಹೋಗಕೂಡದೆಂದು ಅರಬ್ಬೀ ಸಮುದ್ರಕ್ಕೆ ಒಂದು ಸುತ್ತೋಲೆ ಕಳಿಸಬೇಕು. ಅಕ್ಕುವಿನ ಗಂಡ ದೋಣಿ ಮಗುಚಿ ಹೋದಾಗ ಅವನಿಗೆ ಇಪ್ಪತ್ತೊಂಬತ್ತು. ಅವನ ಖಾತೆಯ ಶೇರುಗಳು ಅಷ್ಟರೊಳಗೆ ಎಷ್ಟು ಏರಿರುತ್ತಿದ್ದವೆಂದು ತಮ್ಮ ಫೈನಾನ್ಸಿನವರು ಲೆಕ್ಕ ಹಾಕಿ ಹೇಳಿದರೆ ಅವಳಿಗೆ ಓದಿ ಹೇಳುತ್ತೇನೆ.

ಕಳೆದ ತಿಂಗಳು ಈ ಯೋಜನೆಯ ಪ್ರಚಾರಕ್ಕೆಂದು ತಾವು ಬಂದರಿನಿಂದ ದೋಣಿ ಹತ್ತಿ ನಮ್ಮ ದಡಕ್ಕೆ ದಯಮಾಡಿಸಿದ್ದಿರಿ. ಬಲೆ ಅರ್ಧ ದಾರಿ ಬಂದಿತ್ತು. ಪತ್ರಿಕೆಯ ಫೋಟೋದವರು ವಿನಂತಿಸಿದ್ದರಿಂದ ತಾವು ಪಂಚೆಯನ್ನು ಎತ್ತಿ ಕಟ್ಟಿ, ಎರಡು ಫೋಟೋ ತೆಗೆಯುವಷ್ಟು ಹೊತ್ತು ಹಗ್ಗ ಹಿಡಿದಿರಿ. ನಂತರ ತೆಂಗಿನ ಮರದಡಿ ಕುರ್ಚಿಯಲ್ಲಿ ಕುಳಿತು, ದುಡಿಯದೆ ಪಾಲು ತಿನ್ನುವ ಅಭ್ಯಾಸ ಸಮಾಜಕ್ಕೆ ಹಿಡಿದ ಗೆದ್ದಲು ಎಂದು ಭಾಷಣ ಮಾಡಿದಿರಿ. ಅಷ್ಟರಲ್ಲಿ ಬಲೆ ದಡ ಸೇರಿತು. ನಮ್ಮಲ್ಲಿ ಪಾಲು ಹಾಕುವ ವಾಸುವಿಗೆ ಶಾಸಕರು ಯಾರು, ಸಾಮಾನ್ಯರು ಯಾರು ಎಂಬ ಭೇದವಿಲ್ಲ, ಹಗ್ಗ ಮುಟ್ಟಿದ ಕೈಗಳನ್ನಷ್ಟೇ ಅವನು ಎಣಿಸುವುದು. ತಮ್ಮ ಪಾಲಿನ ಇಪ್ಪತ್ತೆರಡು ಬಂಗುಡೆಗಳನ್ನು ಅವನು ತಮ್ಮ ಎದುರು ತಂದಿಟ್ಟಾಗ ತಾವು ಅದನ್ನು ಊರವರ ಪ್ರೀತಿಯ ಕಾಣಿಕೆಯೆಂದು ತಿಳಿದು, ಹೃದಯ ತುಂಬಿ ಬಂದಿದೆಯೆಂದು ಹೇಳಿ, ಡ್ರೈವರನ ಕೈಯಲ್ಲಿ ಹೊರಿಸಿಕೊಂಡು ಹೋದಿರಿ. ಮಾನ್ಯರೇ, ಅದು ಕಾಣಿಕೆಯಲ್ಲ, ತಮ್ಮ ಪಾಲು. ತಮಗಿನ್ನೂ ವಯಸ್ಸಾಗಿ ಕೈ ಸೋತಿಲ್ಲವಾದ್ದರಿಂದ ನಿಯಮದಂತೆ ಪೂರ್ತಿ ಪಾಲು. ಬೆಳಗಿನಿಂದ ಬಿಸಿಲಲ್ಲಿ ಕುಳಿತಿದ್ದ ಅಕ್ಕುವಿಗೆ ಅವತ್ತು ಸಿಕ್ಕಿದ್ದು ಹನ್ನೊಂದು. ‘ದುಡಿದವನಿಗೇ ಫಲ’ ಎಂಬ ತಲೆಬರಹದಡಿ ಹಗ್ಗ ಹಿಡಿದ ತಮ್ಮ ಫೋಟೋ ಪತ್ರಿಕೆಯಲ್ಲಿ ಬಹಳ ಚೆನ್ನಾಗಿ ಬಂದಿತ್ತು.

ತಮಗೆ ಇಲ್ಲಿ ಅಭಿಮಾನಿಗಳೇ ಇಲ್ಲವೆಂದು ಭಾವಿಸಬಾರದು. ಕಳೆದ ಭಾನುವಾರ ಕೂಟದ ಸಭೆ ಕರೆದಾಗ, ನಮ್ಮಲ್ಲೇ ಎಲ್ಲರಿಗಿಂತ ಗಟ್ಟಿ ತೋಳಿನ ಲೋಕನಾಥ ಎದ್ದುನಿಂತು ಮಸೂದೆ ಸರಿಯಾಗಿಯೇ ಇದೆ, ತಾನು ಎಳೆದದ್ದನ್ನು ಕೂತವರು ಯಾಕೆ ತಿನ್ನಬೇಕು ಎಂದು ಕೇಳಿದ. ತಮ್ಮ ಭಾಷಣ ಅವನಿಗೆ ಬಾಯಿಪಾಠವಾಗಿತ್ತು. ಹುಡುಗರು ಕೆಲವರು ತಲೆಯಾಡಿಸಿದರು ಕೂಡ. ಸುಳ್ಳು ಹೇಳಬಾರದು, ನನಗೆ ಹೆದರಿಕೆಯಾಯಿತು. ಆಗ ಅಕ್ಕು ಕೂತಲ್ಲಿಂದಲೇ ತುಳುವಿನಲ್ಲಿ ನಾಲ್ಕು ಮಾತು ಹೇಳಿದಳು. ಕನ್ನಡಕ್ಕೆ ತಿರುಗಿಸಿದರೆ ಅವು ಹೀಗೆ:

“ಆಯಿತು ಮಗಾ, ನಿನ್ನ ಖಾತೆ ನೀನು ಮಾಡು. ನಿನ್ನ ಅಮ್ಮ ನಿನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು ಮೀನು ಹೊರಲಿಕ್ಕೆ ಬರುತ್ತಿದ್ದಾಗ ಅವಳಿಗೆ ನಾವು ಎರಡು ಪಾಲು ಹಾಕಿದ್ದುಂಟು. ಒಂದು ಅವಳದ್ದು, ಒಂದು ನಿನ್ನದ್ದು. ಆಗ ನೀನು ಎಂತ ಹೊತ್ತದ್ದು?”

ಆಮೇಲೆ ಬಂದು ನನ್ನ ಕೈಯಿಂದ ಪೆನ್ನು ಇಸಿದುಕೊಂಡು ಮಸೂದೆಯ ವಿರುದ್ಧ ಮೊದಲ ಸಹಿ ಹಾಕಿದವನು ಲೋಕನಾಥನೇ. ಹೀಗೆ ತಮ್ಮ ಕಟ್ಟಾ ಅಭಿಮಾನಿಯೊಬ್ಬನನ್ನು ನಮ್ಮ ಮುದುಕಿಯೊಬ್ಬಳು ಕೆಡಿಸಿಬಿಟ್ಟಳೆಂದು ತಿಳಿಸಲು ನನಗೆ ಅತೀವ ವಿಷಾದವಿದೆ. ಮುಪ್ಪಿನ ನಿಧಿಯನ್ನು ನಾವು ಮುಚ್ಚುವುದಿಲ್ಲ. ಮುಚ್ಚಿಸಲು ಬರುವ ಅಧಿಕಾರಿಗಳಿಗೆ ಕುರ್ಚಿ, ಎಳನೀರು ಕೊಟ್ಟು ಗೌರವದಿಂದ ವಾಪಸ್ ಕಳಿಸುತ್ತೇವೆ.

ಇಷ್ಟಾದರೂ ತಮ್ಮಲ್ಲಿ ಅಲ್ಪಸ್ವಲ್ಪ ವಿಶ್ವಾಸ ಉಳಿಸಿಕೊಂಡಿರುವ

ತಮ್ಮ ವಿಶ್ವಾಸಿ,
ಗಿರಿಯಪ್ಪ ಪುತ್ರನ್

ತಾ.ಕ.: ಇದರೊಂದಿಗೆ ಲಗತ್ತಿಸಿದ ಮುನ್ನೂರ ಹನ್ನೆರಡು ಸಹಿಗಳಲ್ಲಿ ಇನ್ನೂರು ಹೆಬ್ಬೆಟ್ಟಿನ ಗುರುತುಗಳಿವೆ. ಓದುಬರಹವಿಲ್ಲದ ಇವರಿಗೆ ಮಸೂದೆ ಅರ್ಥವಾಗಿಲ್ಲವೆಂದು ತಾವು ಸದನದಲ್ಲಿ ಹೇಳಲಿದ್ದೀರೆಂದು ಕೇಳಿದೆ. ಇರಬಹುದು. ಇದೇ ಇನ್ನೂರು ಮಂದಿ ಕಳೆದ ಫೆಬ್ರವರಿಯಲ್ಲಿ ತಮ್ಮ ಚಿಹ್ನೆಯ ಮೇಲೆ ಮುದ್ರೆ ಒತ್ತಿದಾಗ ಅವರ ತಿಳಿವಳಿಕೆಯ ಬಗ್ಗೆ ತಮಗೆ ಯಾವ ಸಂಶಯವೂ ಬಂದಿರಲಿಲ್ಲ. ತಾವು ಗೆದ್ದದ್ದು ನೂರ ನಲವತ್ತು ಮತಗಳಿಂದ.